ಅಂಗೈ ಸವೆಸಿದ ಬಂದೂಕು

ನಮ್ಮ ಮನೆಯವರಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಬಂದೂಕಿನ ನಂಬರು ನೆನಪಿರುತ್ತಿತ್ತು. ಮಗಳ ಮದುವೆಯ ದಿನ ಬೀಗರನ್ನು ಅಡುಗೆಯವರೆಂದು ತಿಳಿದು, “ಊಟ ಇನ್ನೆಷ್ಟು ಹೊತ್ರೀ?” ಎಂದು ಗದರಿಸಿದ ಮನುಷ್ಯ ಅವರು. ಅದೇ ಮನುಷ್ಯ ಇಪ್ಪತ್ತು ವರ್ಷದ ಹಿಂದೆ ಒಂದೇ ಸಲ ಕೈಯಲ್ಲಿ ಹಿಡಿದ ರೈಫಲ್ಲಿನ ನಂಬರನ್ನು, ಕೊನೆಯ ಅಕ್ಷರದ ಸಮೇತ, ಹಲ್ಲುಜ್ಜುತ್ತಾ ಹೇಳುತ್ತಿದ್ದರು.

ಅವರು ಹೋಗಿ ಎಂಟು ತಿಂಗಳಾಯಿತು. ಸಂಘದ ವಾರ್ಷಿಕ ಪುಸ್ತಕದಲ್ಲಿ ಅಧ್ಯಕ್ಷರು ಅವರ ಬಗ್ಗೆ ಅರ್ಧ ಪುಟ ಬರೆದಿದ್ದಾರೆ. ಅದರಲ್ಲಿ ನಿಜವಿರುವುದು ಎರಡೇ, ಹುಟ್ಟಿದ ತಾರೀಕು ಮತ್ತು ಸತ್ತ ತಾರೀಕು. ನಡುವಿನದನ್ನು ನಾನು ಬರೆಯುತ್ತೇನೆ. ನಾನು ಓದಿದ್ದು ಐದನೇ ತರಗತಿ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಅವರು ಸೈನಿಕರಲ್ಲ. ಅಧ್ಯಕ್ಷರು ‘ವೀರ ಯೋಧ’ ಎಂದು ಬರೆದಿದ್ದಾರೆ. ಯೋಧನೂ ಅಲ್ಲ, ವೀರನೂ ಅಲ್ಲ, ಜಿರಳೆ ಕಂಡರೆ ಮಂಚ ಹತ್ತುತ್ತಿದ್ದರು. ಸೇನೆಯ ಆಯುಧ ರಿಪೇರಿ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದರು. ಗುಂಡು ಹಾರಿಸಿದ್ದೆಲ್ಲ ಪರೀಕ್ಷೆಗೆ, ಮರಳಿನ ಗುಡ್ಡೆಗೆ. ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂತರು. ಹಳೆಯ ಸೇನಾ ರೈಫಲ್ಲು ಸಿಕ್ಕಿದವರು ತಂದು ತೋರಿಸುತ್ತಿದ್ದರು. ಇದು ಯಾವ ಕಾಲದ್ದು, ಎಲ್ಲಿ ತಯಾರಾದದ್ದು, ಎಲ್ಲೆಲ್ಲಿ ಹೋಗಿ ಬಂದದ್ದು ಎಂದು ನೋಡಿ ಹೇಳುವುದು, ಗೋಡೆಗೆ ತೂಗುಹಾಕುವಂತೆ ಒಪ್ಪ ಮಾಡಿಕೊಡುವುದು ಅವರ ಕೆಲಸ. ಕಣ್ಣಿಗೆ ಸದಾ ಮಸೂರ ಒತ್ತಿಕೊಂಡಿರುತ್ತಿದ್ದರಿಂದ ಬೀದಿಯವರು ‘ಭೂತಗನ್ನಡಿ’ ಎಂದು ಹೆಸರಿಟ್ಟಿದ್ದರು. ನನ್ನನ್ನು ‘ಭೂತಗನ್ನಡಿ ಹೆಂಡತಿ’ ಎನ್ನುತ್ತಿದ್ದರು. ಭೂತದ ಹೆಂಡತಿ ಎನ್ನಲಿಲ್ಲವಲ್ಲ ಎಂದು ಸುಮ್ಮನಿದ್ದೆ.

ಬಂದೂಕು ತಂದವರೆಲ್ಲರ ಹತ್ತಿರ ಒಂದೊಂದು ಕತೆ ಇರುತ್ತಿತ್ತು. ಎಲ್ಲರ ತಾತಂದಿರೂ ಶೂರರೇ. ಯುದ್ಧದಿಂದ ಓಡಿಬಂದವನ ಮೊಮ್ಮಗ ಒಬ್ಬನೂ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಇವರು ಕತೆಗೆಲ್ಲ “ಹೂಂ, ಹೂಂ” ಎನ್ನುತ್ತಿದ್ದರು. ಕತೆ ಹೇಳಿದವರು ಬೀದಿ ದಾಟುವಷ್ಟರಲ್ಲಿ ಬಂದೂಕಿನ ಹತ್ತಿರ ಅದರ ಕತೆ ಕೇಳಲು ಕೂರುತ್ತಿದ್ದರು.

ಮೊದಲು ಒರೆಸುವ ಹಾಗಿಲ್ಲ, ತೊಳೆಯುವ ಹಾಗಿಲ್ಲ. ಇದು ಅವರ ಶಾಸನ. ಮೇಜಿನ ಮೇಲೆ ಹಳೆಯ ದುಪ್ಪಟಿ ಹಾಸಿ ಬಂದೂಕನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದರು. ಆಮೇಲೆ ಮಸೂರ ಹಿಡಿದು ಒಂದೊಂದು ತುಂಡಿನ ಮೇಲಿರುವ ನಂಬರು, ಮುದ್ರೆ ಓದುತ್ತಿದ್ದರು. ಅವರು ಓದಬೇಕು, ನಾನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅವರ ಕೈ ನಡುಗುತ್ತಿತ್ತು, ಅಕ್ಷರ ಜೇಡರಬಲೆಯ ಹಾಗೆ ಬೀಳುತ್ತಿತ್ತು. ಹಾಗಾಗಿ ಹನ್ನೊಂದು ವರ್ಷ ಬರೆದವಳು ನಾನು.

“ನಳಿಗೆ. ನಾಲ್ಕು ಏಳು ಏಳು ಎರಡು.”

“ಹೂಂ.”

“ಬೋಲ್ಟು. ಒಂಬತ್ತು ಸೊನ್ನೆ... ಬೇರೆ. ಇದು ಇದರದ್ದಲ್ಲ ಕಣೇ. ಯಾರೋ ಬೇರೆ ಮನೆ ಮಗನ್ನ ತಂದು ಸೇರಿಸಿದಾರೆ.”

“ಒಲೆ ಮೇಲೆ ಹಾಲಿದೆ ರೀ.”

“ಹಾಲು ಆಮೇಲೂ ಉಕ್ಕುತ್ತೆ. ಬರಿ.”

ಉಪ್ಪು ಕಾಗದವನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಒಮ್ಮೆ ಬಾಗಿಲಿನ ಬಣ್ಣ ಉಜ್ಜಲು ನಾನು ತಂದದ್ದನ್ನು ಕಂಡು, ಹಾವು ಕಂಡವರ ಹಾಗೆ ಹಿಂದೆ ಸರಿದರು. “ಅದರಲ್ಲಿ ಒಂದು ಸಲ ಉಜ್ಜಿದ್ರೆ ನೂರು ವರ್ಷ ಹೋಯ್ತು” ಎಂದರು. ಮರದ ಕೊಳೆಯನ್ನು ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ, ಕೂಸಿನ ಕಣ್ಣು ಒರೆಸಿದ ಹಾಗೆ ಒರೆಸುತ್ತಿದ್ದರು. ಆಮೇಲೆ ಅಗಸೆ ಎಣ್ಣೆ. ನಾಲ್ಕೇ ಹನಿ ಅಂಗೈಗೆ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೆ ತಿಕ್ಕುವುದು. ಮರುದಿನ ಮತ್ತೆ ನಾಲ್ಕು ಹನಿ. ಹೀಗೆ ತಿಂಗಳುಗಟ್ಟಲೆ. ನಮ್ಮ ದಿಂಬು, ಚಾದರ, ನನ್ನ ಸೀರೆಯ ಸೆರಗು ಎಲ್ಲ ಅಗಸೆ ಎಣ್ಣೆ ನಾರುತ್ತಿದ್ದವು. ಬಂದೂಕಿಗೆ ಎಣ್ಣೆ ಹಚ್ಚುವ ಆ ಕೈಗೆ ನನಗೆ ತಲೆನೋವು ಬಂದಾಗ ಹಣೆ ಒತ್ತಲು ಬರುತ್ತಿರಲಿಲ್ಲ. ಒತ್ತಿದರೆ ನೋವು ಇನ್ನೂ ಜಾಸ್ತಿಯಾಗುತ್ತಿತ್ತು.

ಕೊನೆಗೆ ಒಂದು ಹಾಳೆ. ‘ಪರೀಕ್ಷೆ ಮಾಡಿದ್ದು, ಕಂಡದ್ದು ಇದು’ ಎಂದು ನಾನು ಬರೆಯಬೇಕು, ಕೆಳಗೆ ಅವರು ಸಹಿ ಹಾಕಬೇಕು. ವಸ್ತುಸಂಗ್ರಹಾಲಯದವರೂ ಆ ಹಾಳೆಗೆ ಎದುರಾಡುತ್ತಿರಲಿಲ್ಲ. ಕಾಣದ್ದನ್ನು ಅವರು ಬರೆಸುತ್ತಿರಲಿಲ್ಲ. ಅನುಮಾನ ಬಂದರೆ ‘ಗೊತ್ತಿಲ್ಲ’ ಎಂದೇ ಬರೆಸುತ್ತಿದ್ದರು. ಅವರ ಹತ್ತಿರ ಇದ್ದ ಆಸ್ತಿ ಆ ಸಹಿ ಒಂದೇ. ಅದಕ್ಕೇ ಅಧ್ಯಕ್ಷರು ಕೈ ಹಾಕಿದರು.

ಅಧ್ಯಕ್ಷರು ಎಂದರೆ ಸೈನಿಕ ಕುಟುಂಬಗಳ ಸಂಘದ ಅಧ್ಯಕ್ಷರು. ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟವರು. ತಂದೆ ಸೇನೆಯಲ್ಲಿದ್ದರು. ಇವರು ಅಂಗಡಿಯಿಂದ ಮನೆಗೆ ನಡೆದು ಹೋದವರೂ ಅಲ್ಲ. ಆದರೆ ಮಾತೆತ್ತಿದರೆ “ನಮ್ಮ ರಕ್ತದಲ್ಲೇ ಇದೆ” ಎನ್ನುತ್ತಾರೆ. ರಕ್ತದಲ್ಲಿ ಸಕ್ಕರೆ ಇದೆ ಎಂದು ಔಷಧದ ಅಂಗಡಿಯವನು ಹೇಳಿದ್ದ.

ಒಂದು ಬೆಳಿಗ್ಗೆ ಕಾರಿನಿಂದ ಇಳಿದರು. ಕಂಬಳಿಯಲ್ಲಿ ಸುತ್ತಿದ ಬಂದೂಕನ್ನು ಎದೆಗೊತ್ತಿಕೊಂಡಿದ್ದರು, ಆಸ್ಪತ್ರೆಯಿಂದ ಕೂಸು ತಂದವರ ಹಾಗೆ.

“ಯಜಮಾನ್ರೇ, ನಮ್ಮಪ್ಪಾಜಿ ರೈಫಲ್ಲು. ಸೇತುವೆ ಕಾಳಗದಲ್ಲಿ ಇದನ್ನ ಹಿಡ್ಕೊಂಡು ಒಬ್ರೇ ಮೂವತ್ತು ಜನಾನ ತಡೆದಿದ್ರು.”

“ಹೂಂ” ಎಂದರು ಇವರು.

“ಹೊಸ ಸಭಾಂಗಣ ಕಟ್ಟಿಸ್ತಿದೀವಲ್ಲ, ಅಲ್ಲಿ ಎದುರು ಗೋಡೆಗೆ ಇದೇ. ಕೆಳಗೆ ಹಿತ್ತಾಳೆ ಫಲಕ. ನೀವು ಫಳಫಳ ಹೊಳೆಯೋ ಹಾಗೆ ಮಾಡಿ, ಸೇತುವೆ ಕಾಳಗದ್ದು ಅಂತ ಒಂದು ಹಾಳೆ ಬರೆದುಕೊಡಿ. ನಿಮ್ಮ ಹೆಸರೂ ಫಲಕದಲ್ಲಿ ಹಾಕಿಸ್ತೀನಿ.”

“ನೋಡ್ತೀನಿ.”

“ನೋಡೋದೇನು ಬಂತು, ನಾನೇ ಹೇಳ್ತಿದೀನಲ್ಲ!”

“ನೀವು ಹೇಳಿದ್ರಿ. ಅದೂ ಹೇಳಲಿ” ಎಂದು ಬಂದೂಕು ತೋರಿಸಿದರು ಇವರು.

ಅಧ್ಯಕ್ಷರು ನಕ್ಕರು. ತಮಾಷೆ ಎಂದುಕೊಂಡರು.

ಬಂದೂಕಿಗೆ ಯಾರೋ ಕಪ್ಪು ಬಣ್ಣ ಬಳಿದಿದ್ದರು, ಕಿಟಕಿಯ ಸರಳಿಗೆ ಬಳಿಯುವಂಥದು. ಮೂರು ದಿನ ಹಲ್ಲುಕಡ್ಡಿಯಲ್ಲಿ ಬಣ್ಣ ಕೆರೆದರು. ನಂಬರುಗಳು ಎದ್ದವು. ನಳಿಗೆ, ಬೋಲ್ಟು, ಮರ, ಎಲ್ಲದರ ಮೇಲೂ ಒಂದೇ ನಂಬರು. ಇವರ ಮುಖ ಅರಳಬೇಕಿತ್ತು, ಅರಳಲಿಲ್ಲ.

“ಯಾಕ್ರೀ? ಎಲ್ಲ ಒಂದೇ ಮನೆಯವೇ ಅಲ್ವಾ?”

“ಯುದ್ಧಕ್ಕೆ ಹೋದ ಬಂದೂಕು ಇಷ್ಟು ಸಂಸಾರವಂದಿಗನಾಗಿ ವಾಪಸು ಬರೋದು ಕಮ್ಮಿ ಕಣೇ. ಏನಾದರೂ ಮುರಿಯುತ್ತೆ, ಬದಲಾಗುತ್ತೆ. ಇದು ಎಲ್ಲಿಗೂ ಹೋಗೇ ಇಲ್ವೇನೋ.”

ನಾಲ್ಕನೇ ದಿನ ನಳಿಗೆಯ ಮೇಲೆ ಕವಿದಿದ್ದ ಮರ ತೆಗೆದರು. ನನ್ನನ್ನು ಕೂಗಿದರು. ಹಿಟ್ಟಿನ ಕೈಯಲ್ಲೇ ಹೋದೆ. ಗುಂಡು ಕೂರುವ ಜಾಗದ ಹತ್ತಿರ ನಳಿಗೆಗೆ ಅಡ್ಡಲಾಗಿ ಪೆನ್ಸಿಲ್ ದಪ್ಪದ ತೂತು ಕೊರೆದು, ಉಕ್ಕಿನ ಗೂಟ ಬಡಿದಿದ್ದರು. ಪಕ್ಕದಲ್ಲಿ ಒಂದು ಮುದ್ರೆ, ಒಂದು ಇಸವಿ.

“ಇದನ್ನ ಸಾಯಿಸಿದಾರೆ” ಎಂದರು. “ಕವಾಯತಿಗೆ ಮಾತ್ರ ಅನ್ನೋ ಮುದ್ರೆ ಇದು. ಹೊಸ ಹುಡುಗರಿಗೆ ಹೆಗಲಿಗೇರಿಸು, ಕೆಳಗಿಳಿಸು ಅಂತ ಕಲಿಸೋಕೆ ಇಟ್ಕೊಳ್ಳೋದು. ಗುಂಡು ಹಾರಲ್ಲ. ಇಸವಿ ಓದು.”

ಓದಿದೆ. ಸೇತುವೆಯ ಕಾಳಗಕ್ಕೆ ಎರಡು ವರ್ಷ ಮೊದಲಿನದು.

“ಹಂಗಾದ್ರೆ ಅವರಪ್ಪ ಮೂವತ್ತು ಜನಾನ ಹೇಗೆ ತಡೆದ್ರು? ಬೈದಾ?”

ಇವರು ನಗಲಿಲ್ಲ. ಭುಜಕ್ಕೆ ಆನುವ ತುದಿಯ ಕಬ್ಬಿಣದ ತಗಡು ತೋರಿಸಿದರು. ಅಂಚುಗಳೆಲ್ಲ ಸವೆದು ಗುಂಡಗಾಗಿದ್ದವು. ಮೈದಾನದ ಸಿಮೆಂಟಿಗೆ ದಿನಕ್ಕೆ ನೂರು ಸಲ ಕುಕ್ಕಿ ಕುಕ್ಕಿ ಆದದ್ದು ಎಂದರು. ಆಮೇಲೆ ನನ್ನ ಕೈ ಒರೆಸಿ, ಮುಂಭಾಗದ ಮರದ ಮೇಲೆ ಒಂದು ಕಡೆ ಇಟ್ಟರು. ಅಲ್ಲಿ ಮರ ತಗ್ಗಾಗಿತ್ತು. ನನ್ನ ಅಂಗೈ ಆ ತಗ್ಗಿನಲ್ಲಿ ಕೂತಿತು. ಬಳಸಿ ಸವೆದ ಒರಳಿನ ಒಳಮೈಯಷ್ಟು ನುಣುಪು.

“ಸಲಾಮು ಕೊಡುವಾಗ ಇಲ್ಲಿ ತಟ್ಟಬೇಕು. ಟಪ್ ಅಂತ ಶಬ್ದ ಬರಬೇಕು. ಮರ ಇಷ್ಟು ಸವೀಬೇಕಾದ್ರೆ ಎಷ್ಟು ವರ್ಷ ತಟ್ಟಿರಬೇಕು ಹೇಳು. ಇದು ಕಲಿಯೋರ ಕೈಯಲ್ಲ, ಕಲಿಸಿದವನ ಕೈ. ಹುಡುಗರು ಬಂದು ಹೋಗ್ತಾರೆ. ಒಬ್ಬನೇ ಮನುಷ್ಯ, ದಿನಾ.”

ನನ್ನ ಕೈಮೇಲೆ ಅವರ ಕೈ ಇತ್ತು. ಎಷ್ಟು ಹೊತ್ತು ಇತ್ತೋ. ನಲವತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಕೈ ಅಷ್ಟು ಹೊತ್ತು ಹಿಡಿದದ್ದು ಅದೊಂದೇ ಸಲ, ಅದೂ ಬಂದೂಕಿನ ನೆಪದಲ್ಲಿ.

ಆರು ವಾರ ಆ ಬಂದೂಕಿಗೆ ಕೂತರು. ಹೊಳಪು ಬರಿಸಲಿಲ್ಲ. ಬಣ್ಣ ತೆಗೆದರು, ತುಕ್ಕು ತಡೆದರು, ಮುದ್ರೆಗಳನ್ನು ಬಿಡಿಸಿದರು, ಎಣ್ಣೆ ಉಣಿಸಿದರು. ಆ ತಗ್ಗನ್ನು ಹಾಗೇ ಉಳಿಸಿದರು. ಆಮೇಲೆ ಹಾಳೆ ಬರೆಸಿದರು. ‘ಇದು ಕವಾಯತು ಬಂದೂಕು. ಸೇತುವೆಯ ಕಾಳಗಕ್ಕೆ ಎರಡು ವರ್ಷ ಮೊದಲೇ ಗುಂಡು ಹಾರದಂತೆ ಮಾಡಲಾಗಿದೆ. ಕಾಳಗ ಕಂಡಿಲ್ಲ. ಕವಾಯತು ಕಲಿಸುವವರೊಬ್ಬರು ಬಹಳ ವರ್ಷ ಬಳಸಿದ್ದಾರೆ. ಅಪರೂಪದ್ದು, ಹೀಗೇ ಕಾಪಾಡಬೇಕು.’ ಸಹಿ ಹಾಕಿದರು.

ಅಧ್ಯಕ್ಷರು ಬಂದು ನಿಂತುಕೊಂಡೇ ಓದಿದರು. ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

“ಏನ್ರೀ ಇದು?”

“ನಿಮ್ಮ ತಂದೆ ತರಬೇತಿ ಕೇಂದ್ರದಲ್ಲಿ ಕವಾಯತು ಕಲಿಸ್ತಿದ್ರಾ?” ಇವರು ಮೆತ್ತಗೆ ಕೇಳಿದರು.

ಅಧ್ಯಕ್ಷರು ಹಾಳೆಯನ್ನು ಮಡಚಿ ಬಿಚ್ಚಿದರು. ಕಿವಿ ಕೆಂಪಾಯಿತು. ಗೊತ್ತಿತ್ತು ಅವರಿಗೆ. ಮೊದಲಿಂದಲೂ ಗೊತ್ತಿತ್ತು.

“ದೊಡ್ಡ ಕೆಲಸ ಅದು” ಎಂದರು ಇವರು. “ಸೇತುವೆ ಹತ್ರ ನಿಂತ ಹುಡುಗರಿಗೆ ನಿಲ್ಲೋದು ಕಲಿಸಿದವರು ಯಾರು? ಅದನ್ನೇ ಫಲಕದಲ್ಲಿ ಬರೆಸಿ. ಇಲ್ಲಿ ಕೈಯಿಟ್ಟು ನೋಡಿ ಒಂದ್ಸಲ, ನಿಮ್ಮಪ್ಪನ ಅಂಗೈ ಸಿಗುತ್ತೆ.”

ಆ ಮನುಷ್ಯ ಕೈ ಇಡಲಿಲ್ಲ. ಸ್ವಂತ ಅಪ್ಪನ ಅಂಗೈ ಅಲ್ಲಿತ್ತು, ಮುಟ್ಟಲಿಲ್ಲ. ಇದೊಂದನ್ನು ನಾನು ಮರೆಯುವುದಿಲ್ಲ.

“ನೋಡಿ ಯಜಮಾನ್ರೇ, ಎಡ-ಬಲ ಹೇಳ್ಕೊಡ್ತಿದ್ದೋನ ಬಂದೂಕು ಅಂತ ಗೋಡೆಗೆ ಹಾಕೋಕಾಗುತ್ತಾ? ಜನ ನಗ್ತಾರೆ. ಒಂದು ಸಾಲು ಬದಲಾಯಿಸಿ. ಒಂದೇ ಸಾಲು.”

“ಆಗಲ್ಲ.”

“ನಿಮಗೇನು ಕಷ್ಟ? ಯಾರು ಬಿಚ್ಚಿ ನೋಡ್ತಾರೆ?”

“ನಾನು ನೋಡಿದೀನಲ್ಲ” ಎಂದರು ಇವರು.

ತಲೆಯ ಮೇಲೆ ತಲೆ ಬಿದ್ದರೂ ಅವರು ಬದಲಾಯಿಸುವವರಲ್ಲ. ಅಧ್ಯಕ್ಷರು ಹಾಳೆಯನ್ನು ಮೇಜಿನ ಮೇಲೆ ಎಸೆದು, ಬಂದೂಕನ್ನು ಕಂಬಳಿಯೂ ಇಲ್ಲದೆ ಬಗಲಿಗೆ ಸಿಕ್ಕಿಸಿಕೊಂಡು ಹೋದರು. ಬರುವಾಗ ಕೂಸಾಗಿದ್ದದ್ದು ಹೋಗುವಾಗ ಕೊಡೆಯಾಗಿತ್ತು.

ಹತ್ತು ದಿನದ ಮೇಲೆ ಇವರು ಮೊಳೆ ತರಲೆಂದು ಮರಗೆಲಸದ ಬೀದಿಗೆ ಹೋದರು. ನಾನೂ ಜೊತೆಗಿದ್ದೆ. ಬಾಗಿಲು ಮಂಚಗಳಿಗೆ ಪಾಲಿಶ್ ಹಾಕುವವನ ಅಂಗಡಿಯಲ್ಲಿ, ಎರಡು ಕುರ್ಚಿಗಳ ಮೇಲೆ ಅಡ್ಡ ಮಲಗಿಸಿದ್ದ ಬಂದೂಕು ಕಂಡಿತು. ಬಳೆ ಅಂಗಡಿಯ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಾಲಿಶ್‌ನವನು ಇವರನ್ನು ಕಂಡು ಹಿಗ್ಗಿದ.

“ಬನ್ನಿ ಅಣ್ಣಾ! ಹೆಂಗಾಗಿದೆ? ಕಬ್ಬಿಣಕ್ಕೆಲ್ಲ ಸಾಣೆ ಚಕ್ರ ಕೊಟ್ಟೆ. ಏನೇನೋ ಅಕ್ಷರ ಕೊರೆದಿದ್ರು, ಎಲ್ಲ ನೈಸ್ ಮಾಡ್ಬಿಟ್ಟೆ. ಮರದಲ್ಲಿ ಒಂದ್ಕಡೆ ಹಳ್ಳ ಬಿದ್ದಿತ್ತು ನೋಡಿ, ಗೋಂದು, ಮರದಪುಡಿ ಕಲಸಿ ತುಂಬಿ ಉಜ್ಜಿದೀನಿ. ಎಲ್ಲಿತ್ತು ಹೇಳಿ ನೋಡೋಣ? ಗೊತ್ತೇ ಆಗಲ್ಲ!”

ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಮಂಚ ಕೊಟ್ಟರೂ ಅದನ್ನೇ ಮಾಡುತ್ತಾನೆ. ಇವರು “ಚೆನ್ನಾಗಿದೆಯಪ್ಪ” ಎಂದರು. ಮೊಳೆ ತರಲಿಲ್ಲ. ಮನೆಗೆ ಬಂದು ಬಹಳ ಹೊತ್ತು ಕೈ ತೊಳೆದರು. ಅಲ್ಲಿ ಅವರು ಏನನ್ನೂ ಮುಟ್ಟಿರಲಿಲ್ಲ.

ಅದಾದ ಮೂರು ವಾರಕ್ಕೆ ತೀರಿಕೊಂಡರು. ಆ ಬಂದೂಕಿನಿಂದ ಸತ್ತರು ಎಂದು ಬರೆಯುವುದಿಲ್ಲ. ಎದೆಯ ಕಾಯಿಲೆ ಆರು ವರ್ಷದಿಂದ ಇತ್ತು. ಸುಳ್ಳು ಬರೆಯಲು ಅಧ್ಯಕ್ಷರಿದ್ದಾರೆ.

ಸಭಾಂಗಣ ತೆರೆಯುವುದಕ್ಕೆ ಎರಡು ದಿನ ಇರುವಾಗ ಮಗಳು ಕಣ್ಣೊರೆಸಿಕೊಳ್ಳುತ್ತಾ ಬಂದಳು. ಅತ್ತದ್ದು ಖುಷಿಗೆ.

“ಅಮ್ಮಾ, ಅಪ್ಪನ ಹೆಸರು ಹಿತ್ತಾಳೇಲಿ ಕೆತ್ತಿಸಿದಾರೆ. ಎಷ್ಟು ದೊಡ್ಡದಾಗಿ ಗೊತ್ತಾ? ವೇದಿಕೆ ಮೇಲೆ ನಿನಗೆ ಸನ್ಮಾನವಂತೆ.”

ಫೋನಿನಲ್ಲಿ ಚಿತ್ರ ತೋರಿಸಿದಳು. ‘ಸೇತುವೆಯ ಕಾಳಗದಲ್ಲಿ ಹೋರಾಡಿದ ರೈಫಲ್’ ಎಂದಿತ್ತು. ಕೆಳಗೆ, ‘ಪರೀಕ್ಷಿಸಿ ದೃಢಪಡಿಸಿದವರು, ದಿವಂಗತ’ ಎಂದು ಇವರ ಹೆಸರು.

ಬದುಕಿದ್ದಾಗ ಇವರು ಆ ಒಂದು ಸಾಲು ಬರೆಯಲಿಲ್ಲ. ಸತ್ತ ಮೇಲೆ ಅಧ್ಯಕ್ಷರು ಬರೆಸಿಕೊಂಡರು. ಸತ್ತವರು ಆಗಲ್ಲ ಎನ್ನುವುದಿಲ್ಲವಲ್ಲ.

ಅಧ್ಯಕ್ಷರು ಎಸೆದುಹೋದ ಹಾಳೆಯನ್ನು ನೋಟ್‌ಬುಕ್ಕಿನಲ್ಲೇ ಇಟ್ಟಿದ್ದೆ. ಮಗಳಿಗೆ ಅದನ್ನೂ ಪುಟವನ್ನೂ ಓದಿ ಹೇಳಿದೆ. ಅವಳು ಫೋನನ್ನು ಮಡಿಲಲ್ಲಿ ಮಗುಚಿಟ್ಟಳು. ಆಮೇಲೆ, “ಬಿಡಮ್ಮ. ಬಂದೂಕು ಯಾವ್ದಾದ್ರೆ ಯಾರಿಗೇನು? ಅಪ್ಪನ ಹೆಸರು ಇನ್ನೆಲ್ಲಿದೆ ಹೇಳು. ಕಾರ್ಖಾನೇಲಿ ಯಾರಿಗೂ ನೆನಪಿಲ್ಲ. ಇಲ್ಲಾದ್ರೂ ಇರ್ಲಿ. ನನ್ನ ಮಕ್ಕಳು ನೋಡ್ತಾರೆ” ಎಂದಳು.

“ನೋಡಿ ಏನಂತಾರೆ? ನಮ್ಮ ತಾತ ಸುಳ್ಳಿಗೆ ಸಹಿ ಹಾಕಿದ್ರು ಅಂತಲಾ?”

“ಸುಳ್ಳು ಅಂತ ಗೊತ್ತಿರೋದು ನಿನಗೊಬ್ಬಳಿಗೇ ಅಮ್ಮ.”

“ಈಗ ನಿನಗೂ ಗೊತ್ತಲ್ಲ” ಎಂದೆ.

ಅವಳು ಮುನಿಸಿಕೊಂಡು ಮನೆಗೆ ಹೊರಟಳು. ಅವಳ ನೋವು ನನಗೆ ಅರ್ಥವಾಗದೆ ಇರಲಿಲ್ಲ. ನನಗೂ ಆ ಚಿತ್ರವನ್ನು ಇನ್ನೊಮ್ಮೆ ನೋಡಬೇಕು ಎನ್ನಿಸಿತ್ತು. ಹೆಸರು ಚೆನ್ನಾಗಿಯೇ ಕೆತ್ತಿದ್ದರು.

ಮರುದಿನ ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ಸಭಾಂಗಣಕ್ಕೆ ಹೋದೆ. ಕುರ್ಚಿ ಜೋಡಿಸುತ್ತಿದ್ದರು. ಅಧ್ಯಕ್ಷರು ಗೋಡೆಯ ಮುಂದೆ ನಿಂತು, ಬಂದೂಕು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

“ಬನ್ನಿ ತಾಯೀ, ಬನ್ನಿ! ನೋಡಿದ್ರಾ, ಯಜಮಾನ್ರ ಹೆಸರು ಸೂರ್ಯ ಚಂದ್ರ ಇರೋವರೆಗೂ...”

“ತೆಗೀರಿ” ಎಂದೆ.

“ಏನು?”

“ಅವರ ಹೆಸರು. ಅವರು ದೃಢಪಡಿಸಲಿಲ್ಲ. ಆಗಲ್ಲ ಅಂದ್ರು. ನಾನು ಅಲ್ಲೇ ನಿಂತು ಕೇಳಿಸ್ಕೊಂಡಿದೀನಿ.”

ಅಧ್ಯಕ್ಷರು ಕುರ್ಚಿಯವರ ಕಡೆ ನೋಡಿ ದನಿ ತಗ್ಗಿಸಿದರು. ಬೆಣ್ಣೆ ಹಚ್ಚಲು ಶುರುಮಾಡಿದರು. “ನೀವು ದುಃಖದಲ್ಲಿದೀರಿ ತಾಯೀ. ಗೌರವಕ್ಕೆ ಹಾಕಿಸಿದ್ದು. ನಾಳೆ ತರಬೇತಿ ಕೇಂದ್ರದ ಮುಖ್ಯಸ್ಥರೇ ಬರ್ತಿದಾರೆ. ಅವರ ಕೈಯಿಂದ ನಿಮಗೆ ಹೂಗುಚ್ಛ...”

“ಒಳ್ಳೇದಾಯ್ತು. ಅವರಿಗೆ ಕವಾಯತು ಬಂದೂಕು ಅಂದ್ರೆ ಏನು ಅಂತ ಗೊತ್ತಿರುತ್ತೆ.” ನೋಟ್‌ಬುಕ್ಕು ತೆಗೆದು ಪುಟವನ್ನೂ ಸಹಿಯಿದ್ದ ಹಾಳೆಯನ್ನೂ ತೋರಿಸಿದೆ. “ನಾಳೆ ಮೈಕು ಕೊಡ್ತೀರಲ್ಲ ನನಗೆ, ಎರಡು ಮಾತಾಡಿ ಅಂತ. ನನಗೆ ಮಾತಾಡೋಕೆ ಬರಲ್ಲ. ಇದನ್ನೇ ಓದ್ತೀನಿ. ಆಮೇಲೆ ಮೇಲಿನ ಮರ ತೆಗೆದು ತೋರಿಸಿ ಅಂತೀನಿ. ಪಾಲಿಶ್‌ನವನು ಹೊರಗೆ ಉಜ್ಜಿದಾನೆ. ಒಳಗೆ ತೂತಿದೆ.”

ಅಧ್ಯಕ್ಷರ ಮುಖ ಹುಳ್ಳಗಾಯಿತು. “ಅಮ್ಮಾ, ಆಹ್ವಾನ ಪತ್ರಿಕೆ ಅಚ್ಚಾಗಿದೆ. ಎಲ್ಲದ್ರಲ್ಲೂ ಸೇತುವೆ ಕಾಳಗ ಅಂತಲೇ ಇದೆ. ನನ್ನ ಮರ್ಯಾದೆ...”

“ನಿಮ್ಮಪ್ಪನ ಬಗ್ಗೆ ನೀವು ಏನು ಬೇಕಾದ್ರೂ ಹೇಳ್ಕೊಳ್ಳಿ. ಅದು ನಿಮ್ಮ ಮನೆ ವಿಷಯ. ನಮ್ಮವರ ಬಾಯಲ್ಲಿ ಹೇಳಿಸಬೇಡಿ.”

“ಹೆಸರೊಂದು ತೆಗೆದ್ರೆ ಸುಮ್ನಿರ್ತೀರಾ?”

ಯೋಚಿಸಿದೆ. ಇವರಾಗಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಇಡೀ ಫಲಕ ಇಳಿಸಿ ಎನ್ನುತ್ತಿದ್ದರೇನೋ. ನನಗೆ ಅಷ್ಟು ಶಕ್ತಿ ಇರಲಿಲ್ಲ. “ಇರ್ತೀನಿ” ಎಂದೆ.

ಹೊಸ ಫಲಕಕ್ಕೆ ಹೊತ್ತಿರಲಿಲ್ಲ. ಕೆಳಗಿನ ಸಾಲಿನ ಮೇಲೆ ಎಲೆಕ್ಟ್ರಿಕ್ ಕೆಲಸದ ಕಪ್ಪು ಟೇಪು ಅಂಟಿಸಿದರು. ನನ್ನ ಎದುರಿಗೇ ಅಂಟಿಸಿದರು. ನಾಲ್ಕು ದಿನದಲ್ಲಿ ಹೊಸದು ಮಾಡಿಸುತ್ತೇನೆ ಎಂದರು. ಸಮಾರಂಭಕ್ಕೆ ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮೈಕು ಯಾರೂ ನನಗೆ ಕೊಡಲಿಲ್ಲ, ಹೂಗುಚ್ಛವೂ ಬರಲಿಲ್ಲ. ತರಬೇತಿ ಕೇಂದ್ರದ ಮುಖ್ಯಸ್ಥರು ಬಂದೂಕಿನ ಮುಂದೆ ನಿಂತು, ಸವೆದ ತುದಿಯ ತಗಡನ್ನು ಬಗ್ಗಿ ನೋಡಿದರು. ಅಧ್ಯಕ್ಷರನ್ನು ನೋಡಿದರು. ಏನೂ ಹೇಳದೆ ಹೋಗಿ ಕೂತರು. ಅವರಿಗೆ ಗೊತ್ತಾಯಿತು ಎಂದು ನನಗನ್ನಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾಲ್ಕು ದಿನ ಹೋಗಿ ತಿಂಗಳುಗಳಾದವು. ಹೊಸ ಫಲಕ ಬಂದಿಲ್ಲ. ಅಧ್ಯಕ್ಷರು ಮಾಡಿಸುವುದೂ ಇಲ್ಲ. ಮಧ್ಯಾಹ್ನದ ಬಿಸಿಲು ಆ ಗೋಡೆಗೇ ಬೀಳುತ್ತದೆ. ಟೇಪಿನ ಅಂಟು ಒಣಗಿ ಒಂದು ಕೊನೆ ಸುರುಳಿಯಾಗಿ ಏಳುತ್ತದೆ. ತಿಂಗಳಿಗೊಮ್ಮೆ ಹೋಗಿ ನೋಡಿಬರುತ್ತೇನೆ. ಕಾವಲುಗಾರ ಏನೂ ಕೇಳುವುದಿಲ್ಲ, ಬೀಗ ತೆಗೆಯುತ್ತಾನೆ. ಹೆಸರಿನ ಮೊದಲ ಅಕ್ಷರ ಅಷ್ಟರಲ್ಲಿ ಹೊರಗೆ ಬಂದಿರುತ್ತದೆ. ಅದನ್ನು ನೋಡುತ್ತಾ ಒಂದಿಷ್ಟು ಹೊತ್ತು ನಿಲ್ಲುತ್ತೇನೆ. ಆಮೇಲೆ ಹೆಬ್ಬೆರಳಿನಿಂದ ಟೇಪನ್ನು ಗಟ್ಟಿಯಾಗಿ ಒತ್ತಿ ಮನೆಗೆ ಬರುತ್ತೇನೆ.